ಹನ್ನೆರಡು ಪದದ ಚೀಟಿ

ಬಂದೇ ಅತ್ತೇ... ಬಂದೆ! ಕುಕ್ಕರ್ ಆಫ್ ಮಾಡಿದೀನಿ, ಮೋಟರ್ ಆಫ್ ಮಾಡಿದೀನಿ, ಇನ್ನು ಉಳಿದಿರೋದು ನಾನೊಬ್ಬಳು, ನನ್ನನ್ನೂ ಆಫ್ ಮಾಡಿಬಿಡಿ!... ನೋಡಿದ್ಯಾ ಶಾಲಿನಿ, ಮತ್ತೆ ಕರೆದ್ರು. ಇದು ಮೂರನೇ ಸಲ. ನಿಮ್ಮಮ್ಮಂಗೆ ಕಣ್ಣು ಮಂಜು, ಕಿವಿ ಮಂದ, ಒಪ್ಕೋತೀನಿ. ಆದ್ರೆ ಸೊಸೆ ಮಹಡಿ ರೂಮಲ್ಲಿ ಚಾಪೆ ಹಾಕ್ಕೊಂಡು ಕೂತಳು ಅನ್ನೋದು ಮಾತ್ರ ಕೆಳಗೆ ಅಡುಗೆಮನೇಲಿದ್ರೂ ಗೊತ್ತಾಗಿಬಿಡುತ್ತೆ. ನನ್ನ ಸೊಂಟ ನೆಲಕ್ಕೆ ತಾಗಿದ ತಕ್ಷಣ ಅವರಿಗೆ ಎಲ್ಲೋ ಗಂಟೆ ಹೊಡೆಯುತ್ತೆ.

ನಗಲ್ವಾ? ಇದಕ್ಕೂ ನಗಲ್ವಾ? ಮುಂಚೆ ಆಗಿದ್ರೆ 'ಅಯ್ಯೋ ಅತ್ತಿಗೆ, ಸುಮ್ನಿರಿ, ಅಮ್ಮಂಗೆ ಕೇಳಿಸುತ್ತೆ' ಅಂತ ದಿಂಬಿಗೆ ಮುಖ ಒತ್ಕೊಂಡು ನಗ್ತಿದ್ದೆ. ತಿಂಗಳಾಯ್ತು ನಿನ್ನ ಹಲ್ಲು ನೋಡಿ. ಹೋಗ್ಲಿ ಬಿಡು.

ಎಲ್ಲಿದ್ವಿ? ಹಾಂ, ಲ್ಯಾಪ್‌ಟಾಪು. ಬೀರು ಬೀಗ ತೆಗೆದು ತಂದಿದ್ದು ನಾನೇ, ನಿಮ್ಮಣ್ಣ ಬಂದು ಕೇಳಿದ್ರೆ ನಾನೇ ಹೇಳ್ಕೋತೀನಿ. ಏನ್ ಮಾಡ್ತಾರೆ? ಕೂಗಾಡ್ತಾರೆ. ಬೆಳಿಗ್ಗೆಯಿಂದ ಕನಕಪುರ ರೋಡಲ್ಲಿ ನೀರಿನ ಟ್ಯಾಂಕರ್ ಓಡಿಸಿ ಓಡಿಸಿ ಬಂದ ಗಂಡಸಿಗೆ ಕೂಗೋಕೂ ಎಷ್ಟು ದಮ್ಮಿರುತ್ತೆ? ಹತ್ತು ನಿಮಿಷ. ಅಷ್ಟರಲ್ಲಿ ನಾನು ಮುದ್ದೆ ತಿರುವಿರ್ತೀನಿ. 

ತೆಗಿ. ಮುಚ್ಚಳ ತೆಗಿ ಅಂದ್ರೆ ತೆಗೀಬೇಕು. ಹಾಗೆ ಹಾವಿನ ಬುಟ್ಟಿ ನೋಡೋ ಥರ ನೋಡಬೇಡ. ಆ ಹೊರದೇಶದವರು ಏನು ಬರೆದಿದಾರೆ? ಇವತ್ತು ಆರು ಗಂಟೆ ಒಳಗೆ ಕ್ರಿಪ್ಟೊ ದುಡ್ಡು ಹಾಕೋಕೆ ಹೊಸ ಆನ್‌ಲೈನ್ ಪರ್ಸಿನ ವಿಳಾಸ ಕಳಿಸು, ಇಲ್ಲಾಂದ್ರೆ ಈ ಸಲದ ಚಿತ್ರಗಳನ್ನ ಬೇರೆಯವರ ಹತ್ರ ಬರೆಸ್ಕೋತೀವಿ. ಅಷ್ಟೇ ತಾನೆ? ಅವರ ಮೊಬೈಲ್ ಆಟದೊಳಗೆ ಓಡಾಡೋ ಕಪ್ಪೆ, ಕೋಳಿ, ಗೂಬೆ ಎಲ್ಲ ಇನ್ನು ಮೇಲೆ ಬೇರೆ ಯಾರೋ ಬರೀತಾರೆ. ಜರಗನಹಳ್ಳಿ ಶಾಲಿನಿ ಬರೆದ ಕೋಳಿ ಅಲ್ಲೆಲ್ಲೋ ಸಮುದ್ರದಾಚೆ ಮಕ್ಕಳ ಕೈಯಲ್ಲಿ ಕುಣೀತಿದೆ ಅಂತ ನೀನು ಒಂದು ದಿನ ನಮಗೆಲ್ಲ ತೋರಿಸಿದ್ಯಲ್ಲ, ಮುಖ ಹೇಗೆ ಹೊಳೀತಿತ್ತು ಗೊತ್ತಾ ನಿಂದು? ಅದನ್ನ ಬಿಟ್ಟುಬಿಡ್ತೀಯಾ? ಬಿಟ್ಟು ಏನ್ ಮಾಡ್ತೀಯಾ? ಪದ್ಮನಾಭನಗರದ ಆ ಟ್ಯೂಷನ್ ಮನೇಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಮೂಗು ಒರೆಸ್ತೀಯಾ? ಮೂಗು ಒರೆಸೋದು ನನಗೆ ಗೊತ್ತಮ್ಮ, ಮನೇಲಿ ನನ್ನ ಮಗಳು ಸುರಭಿದೇ ಒಂದು ಮೂಗಿದೆ. ಅದೇನು ದೊಡ್ಡ ವಿದ್ಯೆ ಅಲ್ಲ.

ಸಾಕು, ಅದೇ ರಾಗ ಬೇಡ. 'ನನ್ನ ತಪ್ಪು, ನನ್ನ ತಪ್ಪು.' ಆಯ್ತು, ನಿನ್ನ ತಪ್ಪು! ಏನೋ ಒತ್ತಿರ್ತೀಯ, ಎಲ್ಲೋ ಏನೋ ಬಂದಿರುತ್ತೆ, ಹೂಂ ಅಂದಿರ್ತೀಯ. ಒಂದು ವರ್ಷದ ದುಡಿಮೆ, ಬೆಳಿಗ್ಗೆ ಎದ್ದು ನೋಡಿದ್ರೆ ಪರ್ಸು ಖಾಲಿ. ಆಯ್ತು. ಕಂಪ್ಲೇಂಟ್ ಕೊಟ್ಟಾಯ್ತು, ಒಂದು ನಂಬರ್ ಬರೆದುಕೊಟ್ಟಿದಾರೆ, ಅದನ್ನ ಫ್ರಿಜ್ಜಿಗೆ ಅಂಟಿಸಿಯೂ ಆಯ್ತು. ನಿಮ್ಮಮ್ಮನ ಕಾಲು ಹಿಡಿದು ಅತ್ತಿದ್ದೂ ಆಯ್ತು. ಎಷ್ಟು ದಿನ ಅದನ್ನೇ ಅರೀತಿರ್ತೀಯ? ಚಟ್ನಿ ಕೂಡ ಒಂದು ಹದಕ್ಕೆ ನಿಲ್ಲಿಸ್ತಾರೆ.

ಯಾಕೆ ನನ್ನ ಮೇಲೆ ಕಣ್ಣು? ಪರದೆ ನೋಡು.

ಗೂಗಲ್ ಬೇಡ! ಬೇಡ ಅಂದೆ! ಅಲ್ಲಿ ಹೆಸರು ಹಾಕಿ ಹುಡುಕಿದ್ರೆ ಮೇಲುಗಡೆ ಮೊದಲು ಬರೋದು ಕಾಸು ಕೊಟ್ಟು ಕೂತ್ಕೊಂಡೋರು. ಬನಶಂಕರಿ ಗುಡಿ ಹತ್ರ ಬಸ್ಸಿಳೀತಿದ್ದ ಹಾಗೇ ಸೆರಗು ಹಿಡ್ಕೊಂಡು 'ಇಲ್ಲೇ ಬನ್ನಿ ಮೇಡಂ, ನಿಂಬೆಹಣ್ಣು ಇಲ್ಲೇ ತಗೋಬೇಕು, ಒಳಗೆ ಸಿಗಲ್ಲ' ಅಂತಾರಲ್ಲ, ಹಾಗೆ. ಒಳಗೆ ಹೋದ್ರೆ ಬೇಕಾದಷ್ಟು ಸಿಗುತ್ತೆ. ನೀನು ಆ ಪರ್ಸಿನವರ ಸ್ವಂತ ವಿಳಾಸ ಮೇಲಿನ ಪಟ್ಟೀಲಿ ಕೈಯಾರೆ ಟೈಪ್ ಮಾಡು. ಒಂದೊಂದೇ ಅಕ್ಷರ. ನಿಧಾನ. ಯಾರೋ ಕಳಿಸಿದ ಲಿಂಕೂ ಬೇಡ, ಆ ಹೊರದೇಶದವರೇ ಕಳಿಸಿದ್ರೂ ಬೇಡ. ಬಂತಾ? ಅಲ್ಲಿಂದ ಅವರೇ ಬ್ರೌಸರಿನ ಅಂಗಡಿಗೆ ಕರ್ಕೊಂಡು ಹೋಗ್ತಾರೆ.

ತಡಿ, 'ಸೇರಿಸು' ಅಂತ ಒತ್ಬೇಡ. ಹೆಸರು ಓದು. ಸ್ಪೆಲ್ಲಿಂಗ್ ಓದು. ಒಂದು ಅಕ್ಷರ ಜಾಸ್ತಿ ಇರಬಾರದು, ಒಂದು ಕಮ್ಮಿ ಇರಬಾರದು. ಕೆಳಗೆ ಮಾಡಿದೋರ ಹೆಸರಿರುತ್ತೆ, ಅದು ಮೊದಲು ನೋಡಿದ ಸೈಟಿನದ್ದೇನಾ? ಎಷ್ಟು ಜನ ಇಟ್ಕೊಂಡಿದಾರೆ? ಲಕ್ಷಗಟ್ಟಲೆ ಇರಬೇಕು. ಡೂಪ್ಲಿಕೇಟ್ ಪರ್ಸಿಗೆ ಇನ್ನೂರು ಮುನ್ನೂರು ಜನ ಇರ್ತಾರೆ, ಎಲ್ಲಾರೂ ಐದು ನಕ್ಷತ್ರ ಕೊಟ್ಟು 'ತುಂಬಾ ಚೆನ್ನಾಗಿದೆ' ಅಂತ ಬರೆದಿರ್ತಾರೆ. ನಮ್ಮ ಮದುವೆಗೆ ಮುಂಚೆ ನಿಮ್ಮಣ್ಣನ ಬಗ್ಗೆ ನಿಮ್ಮ ನೆಂಟರೆಲ್ಲ ಹೇಳಿದ್ರಲ್ಲ, ಹಂಗೆ.

ಈಗ ನಕ್ಕೆ! ನಕ್ಕೆ ನೀನು, ತುಟಿ ಈ ಕಡೆ ಹೋಯ್ತು, ನಾನು ನೋಡಿದೆ. ಸಾಕು ನನಗೆ.

ಏನು? ನನಗೆ ಇಷ್ಟೆಲ್ಲ ಹೇಗೆ ಗೊತ್ತು ಅಂತಾನಾ? ಯಾಕೆ, ಎಸ್ಸೆಸ್ಸೆಲ್ಸಿ ಅಂದ್ರೆ ಮಿದುಳು ಇರಲ್ವಾ? ನೀನು ಬಿಕಾಂ ಓದಿ ಕಳಕೊಂಡೆ, ನಾನು ಹತ್ತನೇ ಕ್ಲಾಸ್ ಓದಿ... ಏನೋ ಒಂದಿಷ್ಟು ತಿಳ್ಕೊಂಡೆ. ಒಬ್ಬ ಹುಡುಗ ಕನ್ನಡದಲ್ಲಿ ವೀಡಿಯೊ ಮಾಡ್ತಾನೆ, ಇದೇ ಪರ್ಸಿನ ವಿಷಯ. ತರಕಾರಿ ಹೆಚ್ಚುವಾಗ ಹಾಕ್ಕೊಂಡಿರ್ತೀನಿ. ಮೊನ್ನೆ ಹುರುಳಿಕಾಯಿ ಜೊತೆ ಬೆರಳೂ ಹೆಚ್ಚಿಕೊಂಡೆ. ಯಾಕೆ ನೋಡ್ತೀನಿ ಅಂದ್ರೆ... ಯಾಕೆ ಅಂದ್ರೆ ಏನು? ಮನೇಲಿ ಒಬ್ಬಳು ಊಟ ಬಿಟ್ಟು ಗೋಡೆ ನೋಡ್ಕೊಂಡು ಕೂತಿದ್ರೆ ಇನ್ನೊಬ್ಬಳು ಏನಾದ್ರೂ ನೋಡ್ಬೇಕಲ್ಲ. ಬಿಡು. ಸೇರಿಸು, ಈಗ ಒತ್ತು.

ಬ್ರೌಸರಿಗೆ ಹಿಂಗೆ ಸೇರಿಸೋದಕ್ಕೆ ಎಕ್ಸ್‌ಟೆನ್ಷನ್ ಅನ್ನೋ ಹೆಸರೇ ಸರಿ ಇಲ್ಲ. ನನಗೆ ಎಕ್ಸ್‌ಟೆನ್ಷನ್ ಅಂದ್ರೆ ಒಂದು ಬಡಾವಣೆ, ಇಲ್ಲ ಗೋಡೆಗೆ ಚುಚ್ಚೋ ಉದ್ದ ವೈರಿನ ಡಬ್ಬ. ಆ ಡಬ್ಬದಲ್ಲಿ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫೋನು, ಎಲ್ಲ ಒಟ್ಟಿಗೆ ಚುಚ್ಚಿದ್ರೆ ಏನಾಗುತ್ತೆ? ಹೊಗೆ ಬರುತ್ತೆ. ಇಲ್ಲೂ ಅಷ್ಟೇ. ಈ ಮೂಲೇಲಿ ಏನೇನು ಚುಚ್ಚಿಟ್ಟಿದೀಯ ನೋಡು. ಕೂಪನ್ ಹುಡುಕೋದು, ವೀಡಿಯೊ ಇಳಿಸೋದು, ಬಣ್ಣ ಬದಲಾಯಿಸೋದು... ಕೀಳು ಎಲ್ಲ. ಪರ್ಸಿಗೆ ಅಂತ ಬ್ರೌಸರಲ್ಲಿ ಬೇರೆ ಪ್ರೊಫೈಲ್ ಮಾಡಿ ಇದನ್ನ ಅಲ್ಲಿಗೆ ಸೇರಿಸು, ಅದರಲ್ಲಿ ಇದೊಂದೇ ಇರ್ಲಿ. ಅದರಲ್ಲಿ ಸಿನಿಮಾ ಇಲ್ಲ, ಅಂಗಡಿ ಇಲ್ಲ, ಸುರಭಿಗೆ ಹಾಡು ಹಾಕೋದಿಲ್ಲ. ಮುಖ್ಯವಾಗಿ ಅದು. ಮಗೂಗೆ ಅನ್ನ ತಿನ್ನಿಸೋಕೆ ಅಂತ ನಾನು ಬಂದು ಕೇಳಿದ್ರೂ ಕೊಡ್ಬೇಡ. ಅಳ್ತಾಳಾ, ಅಳ್ಲಿ. ಹಸಿವಾದ್ರೆ ತಿಂತಾಳೆ.

ಅಯ್ಯೋ, ಯಾರದು ಕೆಳಗೆ? ಮುನಿಯಕ್ಕನಾ? ...ಮುನಿಯಕ್ಕಾ, ಹೆಪ್ಪಿಗೆ ಮೊಸರು ಫ್ರಿಜ್ಜಿನ ಬಾಗಿಲಲ್ಲಿದೆ, ನೀವೇ ತಗೊಳ್ಳಿ! ಸ್ಟೀಲ್ ಲೋಟ! ಹಾಂ, ಅದೇ!... ನೋಡು, ಈ ಮನೇಲಿ ಒಂದು ಕೆಲಸ ಶುರು ಮಾಡಿದ್ರೆ ಪಕ್ಕದ ಮನೆ ಹಾಲೂ ನನ್ನಿಂದಲೇ ಹೆಪ್ಪಾಗಬೇಕು.

ಪಾಸ್‌ವರ್ಡ್ ಕೇಳ್ತಿದೆಯಾ? ಅದು ಈ ಮೆಷಿನ್ನಿಗೆ ಮಾತ್ರ. ಬಾಗಿಲ ಚಿಲಕ ಇದ್ದ ಹಾಗೆ. ಸುರಭಿ ಹುಟ್ಟಿದ ತಾರೀಖು ಹಾಕ್ಬೇಡ, ಈ ಮನೇಲಿ ಎಲ್ಲಾದಕ್ಕೂ ಅದೇ ಇದೆ, ನಿಮ್ಮಣ್ಣನ ಫೋನಿಗೂ ಅದೇ. ನಾನು ನೋಡಲ್ಲ, ಹಾಕು. ಉದ್ದ ಇರ್ಲಿ. ಎದ್ದು ಹೋಗುವಾಗೆಲ್ಲ ಲಾಕ್ ಮಾಡು, ಬಚ್ಚಲಿಗೆ ಹೋದ್ರೂ ಸರಿ. ನೀನು ಲಾಕ್ ಮಾಡದೆ ಹಾಗೇ ಬಿಟ್ಟು ಹೋಗೋಳು. ಬ್ರೌಸರ್ ತೆಗೆದಿರುತ್ತೆ, ಹತ್ತು ಕಿಟಕಿ ತೆಗೆದಿರುತ್ತೆ, ನೀನು ಮಾತ್ರ ತಲಘಟ್ಟಪುರದಲ್ಲಿ ದೊಡ್ಡಮ್ಮನ ಮನೆ ಗೃಹಪ್ರವೇಶದಲ್ಲಿ ಹೋಳಿಗೆ ತಿಂತಿರ್ತೀಯ.

ಇಲ್ಲ, ಸುಮ್ನೆ ಹೇಳ್ದೆ. ಒಂದು ಮಾತಿಗೆ.

ಹೂಂ, ನಿಧಾನಕ್ಕೆ ಹಾಕು, ನನಗೇನೂ ಅವಸರ ಇಲ್ಲ. ಮಗು ಸ್ಕೂಲ್ ವ್ಯಾನು ಬರೋದು ಇನ್ನೂ ಅರ್ಧ ಗಂಟೆ ಇದೆ. ಇಲ್ಲೇ ಗೋಡೆಗೆ ಒರಗ್ತೀನಿ. ಬೆನ್ನು ಹಿಡ್ಕೊಂಡಿದೆ. ಬೆಳಿಗ್ಗೆ ನಿಮ್ಮಮ್ಮನ್ನ ರೇಷನ್ ಅಂಗಡಿಗೆ ಕರ್ಕೊಂಡು ಹೋಗಿದ್ದೆ, ಮತ್ತೆ ಅದೇ ಕೆವೈಸಿ. ಕಾರ್ಡಲ್ಲಿರೋ ಎಲ್ಲರೂ ಹೆಬ್ಬೆಟ್ಟು ಕೊಡ್ಬೇಕಂತೆ, ತಿಂಗಳ ಕೊನೆ ಒಳಗೆ, ಇಲ್ಲಾಂದ್ರೆ ಹೆಸರು ಕಿತ್ತುಹಾಕ್ತಾರಂತೆ. ನಿಮ್ಮಮ್ಮನ ಹೆಬ್ಬೆಟ್ಟಲ್ಲಿ ಗೆರೆ ಎಲ್ಲಿದೆ? ಪಾತ್ರೆ ತಿಕ್ಕಿ ತಿಕ್ಕಿ ಅಳಿಸಿಹೋಗಿದೆ. ಮೆಷಿನ್ನು ಬೇಡ ಬೇಡ ಅನ್ನುತ್ತೆ. ಅವರು ಆ ಹುಡುಗನ ಮುಖ ನೋಡ್ತಾರೆ, ನನ್ನ ಮುಖ ನೋಡ್ತಾರೆ. 'ಸೌಮ್ಯಾ, ನಾನು ನಾನೇ ಅಲ್ವಂತೇನೆ?' ಅಂತ ಕೇಳಿದ್ರು, ಕ್ಯೂನಲ್ಲಿದ್ದೋರೆಲ್ಲ ನಕ್ಕುಬಿಟ್ರು. ಎಣ್ಣೆ ಹಚ್ಚಿ ಒರೆಸಿ, ಹತ್ತನೇ ಸಲಕ್ಕೆ ಬಂತು. ಬಂದಾಗ ನನಗೆ ಏನ್ ಖುಷಿ ಅಂತೀಯ!

ಈ ಮನೇಲಿ ಕೆವೈಸಿ ಅಂದ್ರೆ ನಾನು ಅಲ್ವಾ? ಗ್ಯಾಸಿಂದು ನಾನು, ಬ್ಯಾಂಕಿಂದು ನಾನು, ಆಧಾರ್ ಜೋಡಿಸೋದು ನಾನು. 'ಇವತ್ತು ಮಾಡದಿದ್ರೆ ಬ್ಲಾಕ್ ಆಗುತ್ತೆ' ಅಂತ ಮೆಸೇಜ್ ಬಂದ್ರೆ ನಿಮ್ಮಣ್ಣ ಫೋನ್ ತಂದು ನನ್ನ ಮುಂದೆ ಇಟ್ಟು ಸ್ನಾನಕ್ಕೆ ಹೋಗ್ತಾರೆ. ಮದುವೆಯಾಗಿ ಬಂದಾಗ ನಿಮ್ಮಮ್ಮ 'ಹೆಚ್ಚು ಓದಿಲ್ಲ, ಏನೋ ಇರ್ಲಿ' ಅಂತ ಮುನಿಯಕ್ಕನ ಹತ್ರ ಹೇಳಿದ್ದು ನನಗೆ ಕೇಳಿಸಿತ್ತು. ಈಗ ಅದೇ ಬಾಯಲ್ಲಿ 'ಸೌಮ್ಯನ ಕೈಗೆ ಕೊಡಿ, ಕಾಗದಪತ್ರ ಎಲ್ಲ ಅವಳು ನೋಡ್ಕೋತಾಳೆ' ಅಂತಾರೆ. ಅದಕ್ಕೇ ತಾನೆ ನೀನೂ ಹೋದ ಸಲ ಹಳೇ ಪರ್ಸಿನ ಆ ಚೀಟಿ ನನ್ನ ಕೈಗೆ ಕೊಟ್ಟಿದ್ದು.

ನೀನು ಕೊಟ್ಟಿದ್ದೆ, ನಾನು ಇಟ್ಟಿದ್ದೆ. ತಾಯಿ ಕಾರ್ಡು, ರೇಷನ್ ಕಾರ್ಡು, ಮನೆ ಬಾಡಿಗೆ ಕರಾರು, ಅದರ ಜೊತೆ ಪ್ಲಾಸ್ಟಿಕ್ ಕವರಲ್ಲಿ. ನೀನು ಅಂಟಿಸಿ ಕೊಟ್ಟ ಲಕೋಟೆ, ಅಂಟಿಸಿದ ಹಾಗೇ ಇತ್ತು. ಕಳುವಾದ ದಿನ ನೀನೇ ತೆಗೆದು ನೋಡಿದ್ಯಲ್ಲ, ಎಲ್ಲರ ಮುಂದೆ. ಅಂಟು ಬಿಟ್ಟಿರಲಿಲ್ಲ. ನಿಮ್ಮಣ್ಣನೂ ಮುಟ್ಟಿ ನೋಡಿದ್ರು. ಹಾಗಾಗಿ ಆ ಕಡೆಯಿಂದ ಏನೂ ಆಗಿಲ್ಲ ಅಂತ ಎಲ್ಲರಿಗೂ... ಹೂಂ. ಅದನ್ನ ಈಗ ಯಾಕೆ ತೆಗೆದೆ ನಾನು? ನೀನು ಹಾಕಿದ್ಯಾ ಪಾಸ್‌ವರ್ಡು?

ಈಗ ಬರುತ್ತೆ ನೋಡು. ಹನ್ನೆರಡು ಪದ. ತಡಿ, ತೆಗೀಬೇಡ. ಮೊದಲು ಕಿಟಕಿ ಪರದೆ ಎಳಿ. ನಿನ್ನ ಫೋನು ಇಲ್ಲಿ ಕೊಡು, ಕೆಳಮುಖ ಹಾಕ್ತೀನಿ. ಫೋಟೊ ಇಲ್ಲ, ಸ್ಕ್ರೀನ್‌ಶಾಟ್ ಇಲ್ಲ, ನಿನಗೆ ನೀನೇ ವಾಟ್ಸಾಪ್ ಕಳಿಸ್ಕೊಳ್ಳೋದು ಇಲ್ಲ. ಪೆನ್ನು, ಕಾಗದ. ಒಂದು ಎರಡು ಅಂತ ನಂಬರ್ ಹಾಕಿ ಬರಿ, ಸಾಲು ತಪ್ಪಬಾರದು. ಪಾಸ್‌ವರ್ಡ್ ಮರೆತ್ರೆ ಪರವಾಗಿಲ್ಲ, ಈ ಲ್ಯಾಪ್‌ಟಾಪು ಕೆಟ್ಟು ಗುಜರಿಗೆ ಹೋದ್ರೂ ಪರವಾಗಿಲ್ಲ, ಈ ಹನ್ನೆರಡು ಪದ ಇದ್ರೆ ಪರ್ಸು ಇದ್ದ ಹಾಗೆ. ಈ ಹನ್ನೆರಡು ಪದ ಇನ್ನೊಬ್ಬನಿಗೆ ಸಿಕ್ಕಿದ್ರೆ ಪರ್ಸು ಅವನದ್ದು. ಬ್ಯಾಂಕ್ ಮ್ಯಾನೇಜರ್ ಇಲ್ಲ, ಕ್ಯೂ ಇಲ್ಲ, ಅರ್ಜಿ ಇಲ್ಲ. ಮತ್ತೆ ಕೇಳಿಸ್ಕೊ, ಇದು ಎಲ್ಲಕ್ಕಿಂತ ದೊಡ್ಡದು. ಇದನ್ನ ಯಾರೂ ಕೇಳಲ್ಲ. ಆ ಪರ್ಸು ಮಾಡಿದೋರೂ ಯಾವತ್ತೂ ಕೇಳಲ್ಲ. ವಿಳಾಸ ಕೇಳ್ಬಹುದು, ವಿಳಾಸ ಅನ್ನೋದು ಮನೆ ನಂಬರ್, ಕೊಡಬಹುದು. ಆದ್ರೆ ಈ ಪದಗಳನ್ನ ಯಾರಾದ್ರೂ ಕೇಳಿದ್ರು ಅಂದ್ರೆ, ಎಷ್ಟೇ ಮರ್ಯಾದೆಯಿಂದ ಕೇಳ್ಲಿ, ಎಷ್ಟೇ ಅವಸರ ಅನ್ಲಿ, ಇವತ್ತೇ ಕೊನೇ ದಿನ ಅಂತ ಕೆಂಪು ಅಕ್ಷರದಲ್ಲಿ ಹೊಡ್ಕೊಳ್ಳಲಿ, ಅವನು ಕಳ್ಳ. ಕಳ್ಳ ಅಂದ್ರೆ ಕಳ್ಳ. ಕಿಟಕಿ ಮುಚ್ಚಿ ಎದ್ದು ಬಾ. ಅರ್ಥ ಆಯ್ತಾ? 

 

ನಾನು ಗೋಡೆ ಕಡೆ ತಿರುಗಿದೆ. ನೋಡು, ಪೂರ್ತಿ ತಿರುಗಿದೆ. ಈಗ ಬರಿ. ಬಾಯಲ್ಲಿ ಓದ್ಬೇಡ... ಗೊಣಗ್ಬೇಡ ಕಣೇ, ನನ್ನ ಕಿವಿ ನಿಮ್ಮಮ್ಮನದ್ದಲ್ಲ.

ಏನು? ಕನ್ನಡದಲ್ಲಾ? ಮತ್ತೆ ಕನ್ನಡ ಅಕ್ಷರದಲ್ಲಾ? ಬೇಡ ಬೇಡ. ಗೊತ್ತು, ಹೋದ ಸಲ ಅಂಟಿಸುವಾಗ ಹೇಳಿದ್ಯಲ್ಲ, 'ಇಂಗ್ಲಿಷ್ ಪದಾನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿದೀನಿ ಅತ್ತಿಗೆ, ಹೊರಗಿನ ಕಳ್ಳ ಬಂದ್ರೂ ಓದೋಕಾಗಲ್ಲ' ಅಂತ. ದೊಡ್ಡ ಬುದ್ಧಿವಂತಿಕೆ! ಕಳ್ಳನಿಗೆ ಓದೋಕಾಗಲ್ಲ, ಆದ್ರೆ ಓದೋಕೆ ಆಗೋರು... ಇಂಗ್ಲಿಷಲ್ಲೇ ಬರಿ. ಕನ್ನಡದಲ್ಲಿ ಬರೆದ್ರೆ ಒಂದಕ್ಕೆ ಎರಡು ಅರ್ಥ ಬರುತ್ತೆ ಕಣೇ. ಈಗ ರೈಟ್ ಅಂತ ಬರೆದ್ರೆ ಬಲಗಡೆ ರೈಟೋ, ಬರೆಯೋ ರೈಟೋ? ಪೀಸ್ ಅಂತ ಬರೆದ್ರೆ ತುಂಡೋ, ಶಾಂತಿಯೋ? ಎರಡು ಕಡೆ ಹಿಂಗೆ ಬಂದ್ರೆ ಮುಗೀತು, ಅದನ್ನ ಹಾಕಿದ್ರೆ ಇದು ಸರಿ ಇಲ್ಲ, ಇದನ್ನ ಹಾಕಿದ್ರೆ ಅದು ಸರಿ ಇಲ್ಲ, ಕೆಂಪಗೆ ಗೆರೆ ಬಂದು ಮತ್ತೆ ಮೊದಲಿಂದ ಹಾಕು ಅನ್ನುತ್ತೆ. ನಾಲ್ಕನೇ ಸಲಕ್ಕೆ ಎರಡೂ ಸರಿಯಾಗಿ ಬಂದು...

...ಪೆನ್ನಿನ ಸದ್ದು ಯಾಕೆ ನಿಂತುಹೋಯ್ತು?

ಬರಿ. ಎಷ್ಟಾಯ್ತು? ಒಂಬತ್ತಾ? ಇನ್ನು ಮೂರು ತಾನೆ, ಬರಿ.

ಶಾಲಿನಿ?

ಉದಾಹರಣೆಗೆ ಹೇಳ್ದೆ ಕಣೇ. ಆ ವೀಡಿಯೊ ಹುಡುಗ ಹೇಳಿದ್ದು. ಕನ್ನಡದಲ್ಲಿ ಬರೀಬೇಡಿ ಅಂತ... ಹೇಳ್ದ, ರೈಟು, ಪೀಸು ಅಂತ ಅವನೇ ಹೇಳ್ದ. ಏನು, ನಿನ್ನ ಹಳೇ ಚೀಟೀಲೂ ಅವು ಇದ್ವಾ? ಇದ್ದಿರಬಹುದಪ್ಪ. ಎಲ್ಲರ ಚೀಟೀಲೂ ಅಂಥ ಪದಗಳೇ ಇರುತ್ತೆ. ಅದೇನು ದೊಡ್ಡ... ಎರಡೂ ಇತ್ತಾ? ಇರುತ್ತೆ. 

ಯಾಕೆ ಹಾಗೆ ನೋಡ್ತೀಯ? ನಾನು ತಿರುಗಿದೀನಿ ಈಗ, ನೋಡು, ನಿನ್ನ ಮುಖ ನೋಡೇ ಹೇಳ್ತಿದೀನಿ. ನಾನು ಆ ಲಕೋಟೆ... ಅಂಟು ಹಾಗೇ ಇತ್ತು, ಎಲ್ಲರೂ ನೋಡಿದ್ರು...

ಏನಾದ್ರೂ ಮಾತಾಡು. ಬೈಯಿ. ಕೇಳು, 'ಅತ್ತಿಗೆ, ನೀವಾ?' ಅಂತ ಕೇಳು, ಇಲ್ಲ ಅಂತೀನಿ. ನಾನು ಬಾಯಲ್ಲಿ ಸೋತಿದ್ದು ನೋಡಿದೀಯಾ ನೀನು? ನೀನು ಕೂಗಾಡಿದ್ರೆ ನಿನಗಿಂತ ಒಂದು ಸ್ವರ ಮೇಲೆ ಕೂಗಿ ನಿನ್ನನ್ನೇ ತಪ್ಪು ಮಾಡಿದ ಹಾಗೆ ಮಾಡ್ತೀನಿ. ಆದ್ರೆ ಹಿಂಗೆ ಬಾಯಿ ಮುಚ್ಕೊಂಡು ಕೂತ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?

ಅನ್ನದ ಅಗುಳು. ಅನ್ನದ ಅಗುಳಲ್ಲಿ ಅಂಟಿಸಿದ್ದು, ಆಯ್ತಾ? ಕುಕ್ಕರ್ ಹಬೆಗೆ ಹಿಡಿದು ಬಿಡಿಸ್ದೆ, ಬಿಸಿ ಅನ್ನದಲ್ಲಿ ಮತ್ತೆ ಅಂಟಿಸ್ದೆ. ಗಮ್ಮಿಗಿಂತ ಗಟ್ಟಿ. ನಿಮ್ಮಣ್ಣ ಮುಟ್ಟಿ ನೋಡಿದ್ರೂ ಗೊತ್ತಾಗಲಿಲ್ಲ.

ನೀನು ತಲಘಟ್ಟಪುರಕ್ಕೆ ಹೋಗಿದ್ಯಲ್ಲ, ಆ ದಿನ. ಸುರಭಿ ಊಟ ಮಾಡ್ತಿರಲಿಲ್ಲ, ಹಾಡು ಹಾಕೋಣ ಅಂತ ಇದನ್ನ ತೆಗೆದೆ. ಮೂಲೇಲಿ ಒಂದು ಮೆಸೇಜ್ ಬಂತು ಕಣೇ. ನಿನ್ನ ಪರ್ಸಿನದೇ ಗುರುತು, ಅದೇ ಬಣ್ಣ. ನನಗೆ ಅದರಲ್ಲಿ ಎಲ್ಲ ಓದೋಕೆ ಬರಲಿಲ್ಲ. ಆದ್ರೆ ಮೂರು ಪದ ಚೆನ್ನಾಗಿ ಬರುತ್ತೆ ನನಗೆ. ವೆರಿಫೈ, ಟುಡೇ, ಬ್ಲಾಕ್. ಈ ಮೂರು ಪದ ಎಷ್ಟು ಸಲ ಓದಿಲ್ಲ ನಾನು! ರೇಷನ್ನಿಗೆ, ಗ್ಯಾಸಿಗೆ, ಸಿಮ್ಮಿಗೆ. ಪ್ರತಿ ಸಲ ಓಡಿದೀನಿ, ಪ್ರತಿ ಸಲ ಅದು ನಿಜವೇ ಆಗಿತ್ತು, ಮಾಡಿಸ್ಲಿಲ್ಲಾಂದ್ರೆ ನಿಜವಾಗ್ಲೂ ನಿಂತುಹೋಗ್ತಿತ್ತು. ಇದೂ ಕೆವೈಸಿ ಅನ್ಕೊಂಡೆ. ನಿನಗೆ ಫೋನ್ ಮಾಡ್ದೆ. ಎರಡು ಸಲ ಮಾಡ್ದೆ. ವಾಲಗದ ಸದ್ದಲ್ಲಿ ಕೇಳಿಸ್ಲಿಲ್ಲ ಅಂತ ಆಮೇಲೆ ನೀನೇ ಅಂದ್ಯಲ್ಲ. ಒಂದು ವರ್ಷದ ಕಪ್ಪೆ ಕೋಳಿ ಎಲ್ಲ ಇವತ್ತೇ ಬ್ಲಾಕ್ ಆಗಿಬಿಡುತ್ತಲ್ಲ ಅಂತ, ಅದು ಕೇಳಿದ ಹನ್ನೆರಡು ಪದಕ್ಕೆ ನಿನ್ನ ಲಕೋಟೆ ಬಿಡಿಸ್ದೆ.

ಹನ್ನೆರಡು ಪದಕ್ಕೆ ಒಂದು ಗಂಟೆ ಹಿಡೀತು. ನೀನು ಕನ್ನಡದಲ್ಲಿ ಬರೆದಿದ್ದೆ, ಅಲ್ಲಿ ಇಂಗ್ಲಿಷಲ್ಲಿ ಬೇಕು. ಪೆಲಿಕನ್ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ ನನಗೆ. ಮಗು ಹಕ್ಕಿ ಪುಸ್ತಕದಲ್ಲಿ ಹುಡುಕಿ, ಚೀಲದ ಥರ ಕೊಕ್ಕು ಇರೋದು, ಅದನ್ನ ನೋಡ್ಕೊಂಡು ಒಂದೊಂದೇ ಅಕ್ಷರ ಹೊಡೆದೆ. ಸುರಭಿ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ತಿದ್ಲು. ಕೊನೆಗೆ ಹಸಿರು ಟಿಕ್ ಬಂತು, ಥ್ಯಾಂಕ್ಯೂ ಅಂತ ಬಂತು. ಅವತ್ತು ನಾನು... ನಗ್ಬೇಡ... ಅವತ್ತು ಎರಡು ತುತ್ತು ಜಾಸ್ತಿ ಉಂಡೆ. ನೀನು ಬಂದ ತಕ್ಷಣ ಹೇಳ್ಬೇಕು, 'ನೋಡೇ ಬಿಕಾಂ, ನಿನ್ನ ಕೆವೈಸಿ ನಿಮ್ಮ ಹತ್ತನೇ ಕ್ಲಾಸ್ ಅತ್ತಿಗೆ ಮಾಡಿಸಿದ್ಲು' ಅಂತ. ಮಾತು ಹೇಗೆ ಶುರು ಮಾಡೋದು ಅಂತ ಮನಸ್ಸಲ್ಲೇ ಹೇಳಿ ಹೇಳಿ ನೋಡ್ಕೊಂಡಿದ್ದೆ.

ನೀನು ಬಂದೆ. ಬೆಳಿಗ್ಗೆ ಎದ್ದು ತೆಗೆದೆ. ಕಿರುಚಿದೆ.

ಆಗ ಹೇಳ್ಬಹುದಿತ್ತು. ನಿಮ್ಮಣ್ಣ 'ಏನ್ ಒತ್ತಿದೆ, ಎಲ್ಲಿ ಒತ್ತಿದೆ' ಅಂತ ನಿನ್ನ ತೋಳು ಹಿಡಿದು ಅಲ್ಲಾಡಿಸುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆಗೆದೆ. 'ಏನೋ ಒತ್ತಿರ್ತಾಳೆ ಬಿಡಿ' ಅನ್ನೋ ಮಾತು ಬಂತು. ಅದು ಹೇಗೆ ಬಂತೋ. ಬಂದ ಮೇಲೆ ಅದರ ಹಿಂದೆ ಇನ್ನೊಂದು ಬಂತು, ಇನ್ನೊಂದು ಬಂತು. ಒಂದು ಹೆಸರಿತ್ತು ಕಣೇ ನನಗೆ ಈ ಮನೇಲಿ, ಒಂದೇ ಒಂದು. ಸೌಮ್ಯನ ಕೈಗೆ ಕೊಟ್ರೆ ಏನೂ ಹೋಗಲ್ಲ ಅಂತ. ಅದನ್ನ ಬಿಟ್ಟುಕೊಡೋಕಾಗದೆ ನಿನ್ನನ್ನ ಕೊಟ್ಟುಬಿಟ್ಟೆ. ನೀನು ಊಟ ಬಿಟ್ಟಾಗ ತಟ್ಟೆ ಹಿಡ್ಕೊಂಡು ಬಂದು ನಿನಗೇ ಬುದ್ಧಿ ಹೇಳ್ದೆ. ನೀನು 'ನನ್ನ ತಪ್ಪು ಅತ್ತಿಗೆ' ಅಂತ ನನ್ನ ತೊಡೆ ಮೇಲೆ ತಲೆ ಇಟ್ಟು ಅತ್ತೆ. ನಾನು ತಲೆ ಸವರಿದೆ. ಸವರಿದೆ ಕಣೇ ಈ ಕೈಯಲ್ಲಿ.

ಸಂಜೆ ನಿಮ್ಮಣ್ಣ ಬರ್ಲಿ, ನಾನೇ ಹೇಳ್ತೀನಿ. ಅತ್ತೆ ಮುಂದೆ, ಮುನಿಯಕ್ಕನನ್ನೂ ಕರೀತೀನಿ ಬೇಕಾದ್ರೆ. ಹೇಳ್ತೀನಿ. ನೀನು ಹೂಂ ಅನ್ನು.



ಏನ್ ಮಾಡ್ತಿದೀಯ? ...ಬರೀತಿದೀಯಾ? ಹತ್ತನೇದಾ? ಬರಿ. ಬರಿ ತಾಯಿ. ಇಂಗ್ಲಿಷಲ್ಲೇ ಬರಿ... ನಾನು ನೋಡಲ್ಲ. ಇಗೋ, ಮತ್ತೆ ಗೋಡೆ ಕಡೆ ತಿರುಗ್ತೀನಿ. ಅದು ಈಗ ಪರೀಕ್ಷೆ ಮಾಡುತ್ತೆ, ಮೂರನೇ ಪದ ಯಾವುದು, ಎಂಟನೇದು ಯಾವುದು ಅಂತ ಕೇಳುತ್ತೆ. ಚೀಟಿ ನೋಡ್ಕೊಂಡು ಹಾಕು. ಅದೊಂದಕ್ಕೆ ಹೇಳ್ಬಹುದು, ಅದು ನಿನ್ನ ಪರ್ಸೇ, ನಾವು ಅವರ ಸ್ವಂತ ಬಾಗಿಲಿಂದಲೇ ಬಂದಿದೀವಿ ಇವತ್ತು. ...ಆಯ್ತಾ? ತೆಗೀತಾ? ವಿಳಾಸ ಬಂತಾ? ಅದನ್ನ ನಕಲು ಮಾಡಿ ಅವರಿಗೆ ಕಳಿಸು. ಮೊದಲ ನಾಲ್ಕಕ್ಷರ ಕೊನೇ ನಾಲ್ಕಕ್ಷರ ತಾಳೆ ನೋಡು, ಆಮೇಲೆ ಕಳಿಸು. ಗಂಟೆ ಇನ್ನೂ ನಾಲ್ಕೂ ಆಗಿಲ್ಲ. ಕಳಿಸಿದ್ಯಾ? ಸದ್ದು ಬಂತು. ಹೋಯ್ತು ಅಲ್ವಾ?

ಮಡಚ್ತಿದೀಯಾ ಚೀಟಿ? ...ಯಾಕೆ ಎದ್ದೆ? ಯಾಕೆ ಈ ಕಡೆ ಬರ್ತಿದೀಯ? ಬೇಡ ಶಾಲಿನಿ, ನನ್ನ ಹತ್ರ ತರಬೇಡ ಅದನ್ನ.

ಏನಂದೆ? ಮೆತ್ತಗೆ ಹೇಳಿದ್ರೆ ಕೇಳಿಸಲ್ಲ. ಏನು... ನಿಮ್ಮಣ್ಣ ಸಿಟ್ಟಲ್ಲಿ ಹರಿದು ಬಿಸಾಕ್ತಾರೆ, ನಿಮ್ಮಮ್ಮ ಅದರಲ್ಲಿ ಅರಿಶಿನ ಕಟ್ಟಿಡ್ತಾರೆ, ನಿನ್ನ ಕೈಯಲ್ಲಿದ್ರೆ ನೀನೇ ಎಲ್ಲೋ ಇಟ್ಟು ಮರೀತೀಯ, ಹೌದು, ಅದೆಲ್ಲ ನನಗೆ ಗೊತ್ತು. ಅದಕ್ಕೆ? ...ಏನ್ ಕೇಳ್ದೆ ನೀನು? ನನ್ನನ್ನಾ ಕೇಳ್ತಿರೋದು? 'ಹಾಗಾದ್ರೆ ಇದನ್ನ ಯಾರ ಕೈಗೆ ಕೊಡ್ಲಿ ಅತ್ತಿಗೆ?'